ನೋವು ನಿಂತ ಕೆನ್ನೆ

ಆ ನೋವು ಮೊದಲ ಸಲ ಬಂದದ್ದು ನಾನು ನೆಲಕ್ಕೆ ಬಿದ್ದ ಮೊಳೆ ಎತ್ತಿಕೊಳ್ಳಲು ಬಗ್ಗಿದಾಗ. ಗೋರೆಗಾಂವ್‌ನಲ್ಲಿ ಒಂದು ಹಿಂದಿ ಧಾರಾವಾಹಿಗೆ ಹವೇಲಿಯ ಸೆಟ್ಟು ಹಾಕುತ್ತಿದ್ದೆವು. ನಾನು ಬಡಿಗ. ಸಿನಿಮಾ, ಧಾರಾವಾಹಿಯವರಿಗೆ ಪ್ಲೈವುಡ್ಡಿನಲ್ಲಿ ಗೋಡೆ, ಕಂಬ, ಮೆಟ್ಟಿಲು ಕಟ್ಟಿಕೊಡುವುದು ನನ್ನ ಮತ್ತು ನನ್ನ ತಮ್ಮ ಕಾಳಪ್ಪನ ಕೆಲಸ. ಬಾಗಲಕೋಟೆ ಕಡೆಯಿಂದ ಬಂದು ದಹಿಸರ್‌ನಲ್ಲಿ ಸಂಸಾರ ಹೂಡಿ ಬಹಳ ಕಾಲವಾಗಿತ್ತು. ಅಲ್ಲಿಯವರೆಗೆ ಜ್ವರ, ನೆಗಡಿ ಬಿಟ್ಟರೆ ನನಗೆ ಕಾಯಿಲೆ ಎಂಬುದು ಗೊತ್ತಿರಲಿಲ್ಲ.

ಬಗ್ಗಿದ ಕೂಡಲೇ ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಒಳಗೆ, ಬಿಸಿ ಮರಳು ತುಂಬಿ ಒತ್ತಿದಂತಾಯಿತು. ನೆಟ್ಟಗೆ ನಿಂತೆ, ಇಳಿಯಿತು. ಮತ್ತೆ ಬಗ್ಗಿದೆ, ಮತ್ತೆ ಬಂತು.

"ಹಲ್ಲಿಗೆ ಹುಳಾ ಹತ್ತಿರಬೇಕು ಅಣ್ಣಾ," ಎಂದ ಕಾಳಪ್ಪ. ನನಗೂ ಹಾಗೇ ಅನಿಸಿತು.

ಸ್ಟೇಷನ್ ಹತ್ತಿರದ ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ, ಮೇಲಿನ ದವಡೆ ಹಲ್ಲೊಂದು ಕಿತ್ತರು. ಜೋಮಿನ ಇಂಜೆಕ್ಷನ್ ಇಳಿಯುವ ತನಕ ನಾನು ಸುಖಿಯಾಗಿದ್ದೆ. ಇಳಿದ ಮೇಲೆ ಗಾಯದ ನೋವಿನ ಹಿಂದೆ ಹಳೆಯ ನೋವು ಹಾಗೇ ಕುಳಿತಿತ್ತು. ಪಕ್ಕದ ಹಲ್ಲೂ ಹೋಯಿತು. ಆ ಹಲ್ಲನ್ನು ನಾನು ಕೇಳಿ ಇಸಿದುಕೊಂಡು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆ. ಹುಳುಕಿನ ಒಂದು ಚುಕ್ಕೆಯೂ ಇರಲಿಲ್ಲ. ಮರ ನೋಡಿ ಪಳಗಿದ ಕಣ್ಣು ನನ್ನದು. ಒಳ್ಳೆಯ ಹಲ್ಲನ್ನೇ ಕಳೆದುಕೊಂಡೆ ಎಂದು ಆಗಲೇ ತಿಳಿಯಿತು.

ಆಮೇಲೆ ನಮ್ಮ ಬಿಲ್ಡಿಂಗ್ ಕೆಳಗಿನ ಡಾಕ್ಟರು ಸೈನಸ್ ಎಂದರು. ಈ ಊರಲ್ಲಿ ಸೈನಸ್ ಯಾರಿಗಿಲ್ಲ ಎಂದು ನಕ್ಕು, ಗುಳಿಗೆ ಬರೆದು, ಹಬೆ ತೆಗೆದುಕೊಳ್ಳಲು ಹೇಳಿದರು. ನನ್ನ ಹೆಂಡತಿ ಸುವರ್ಣಾ ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಡುತ್ತಿದ್ದಳು. ಗುಳಿಗೆ ನುಂಗುವಷ್ಟು ದಿನ ಸ್ವಲ್ಪ ಹಗುರ, ಮುಗಿದ ಮೇಲೆ ಮತ್ತೆ ಅದೇ. ಹಲ್ಲುಜ್ಜಿದರೆ ನೋವು, ರೊಟ್ಟಿ ಅಗಿದರೆ ನೋವು. ಲೋಕಲ್ ರೈಲಿನಲ್ಲಿ ಬಾಗಿಲ ಗಾಳಿ ಬಡಿದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಕೆನ್ನೆಗೆ ಕರ್ಚೀಫು ಒತ್ತಿಕೊಂಡು ನಿಂತವನಿಗೆ ಔಷಧ ಹೇಳದವರು ಆ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ಒಬ್ಬರು ಲವಂಗ ಎಂದರು, ಒಬ್ಬರು ಉಪ್ಪುನೀರು, ಇನ್ನೊಬ್ಬರು ತಮ್ಮ ಗುರುಗಳ ಭಸ್ಮ. ಎಲ್ಲವನ್ನೂ ಮಾಡಿದೆ.

ಮೂರನೆಯವರು ನರದ ಡಾಕ್ಟರು. ಮುಖದ ನರ ಕೆರಳಿದೆ ಎಂದು ಹೇಳಿ ಅವರು ಕೊಟ್ಟ ಗುಳಿಗೆಯಿಂದ ನೋವಿಗಿಂತ ಮೊದಲು ನಾನೇ ಮಂಕಾದೆ. ಒಂದು ಮಧ್ಯಾಹ್ನ ಕಟ್ಟರ್ ಮಷಿನ್ ಮುಂದೆ ನಿಂತು ತೂಕಡಿಸಿದ್ದೆನಂತೆ. ಕಾಳಪ್ಪ ಓಡಿಬಂದು ಪ್ಲಗ್ಗು ಕಿತ್ತ.

"ಬೆರಳು ಹೋಗ್ತಿದ್ವು ಅಣ್ಣಾ! ಮನೀಗೆ ನಡಿ. ಇಲ್ಲಿ ನಿಂದರಬ್ಯಾಡ ನೀ."

ಅಂದಿನಿಂದ ನನಗೆ ಮಷಿನ್ ಕೆಲಸ ತಪ್ಪಿತು. ಕುಳಿತು ಮರಳುಕಾಗದ ಉಜ್ಜುವ ಕೆಲಸ ಕೊಟ್ಟರು. ಮರದ ಹುಡಿ ಮೂಗಿಗೆ ಇನ್ನೂ ಹತ್ತಿರವಾಯಿತು.

ಮನೆಯಲ್ಲಿಯೂ ಸಹನೆ ತೀರುತ್ತಾ ಬಂತು. ಕೈ ಮುರಿದರೆ ಬ್ಯಾಂಡೇಜು ಕಾಣುತ್ತದೆ. ಕೆನ್ನೆಯೊಳಗಿನ ನೋವು ಕಾಣುವುದು ನೋವು ತಿನ್ನುವವನಿಗೆ ಮಾತ್ರ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ಒಂದು ಸಂಜೆ ತಟ್ಟೆ ಹಾಗೇ ಬಿಟ್ಟು ಎದ್ದಾಗ ಸುವರ್ಣಾ ಕೇಳಿಯೇ ಬಿಟ್ಟಳು.

"ಎಲ್ಲಾ ಡಾಕ್ಟರಿಗೂ ತೋರಿಸಿದ್ವಿ. ಎಲ್ಲಾರೂ ಏನೂ ಇಲ್ಲ ಅಂತಾರ. ನಿಮಗ ಖರೇನ ನೋವೈತೇನ್ರೀ?"

ಕೇಳಿ ಮುಗಿಸುವಷ್ಟರಲ್ಲಿ ಅವಳೇ ಅತ್ತಳು. ನಿಜ ಹೇಳಬೇಕೆಂದರೆ, ಆಗ ನನಗೂ ನನ್ನ ಮೇಲೆ ಅನುಮಾನ ಬಂದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಏನೋ ಬದಲಾಗಿದೆ ಅನಿಸಿತು. ತಣ್ಣೀರು ಬಿದ್ದರೂ ಎಡಗೆನ್ನೆ ಸುಮ್ಮನಿತ್ತು. ಮೆಲ್ಲಗೆ ಒತ್ತಿದೆ, ನೋವಿಲ್ಲ. ಗಟ್ಟಿಯಾಗಿ ಒತ್ತಿದೆ, ಆಗಲೂ ಇಲ್ಲ. ಬಚ್ಚಲಿನಿಂದಲೇ ಕೂಗಿದೆ. ಅಂದು ಸುವರ್ಣಾ ಹೋಳಿಗೆ ಮಾಡಿದಳು. ಕಾಳಪ್ಪನ ಸಂಸಾರವೂ ಊಟಕ್ಕೆ ಬಂತು. ಬಾಗಲಕೋಟೆಯಲ್ಲಿ ನನ್ನ ತಂಗಿಯ ಮನೆಯಲ್ಲಿರುವ ಅವ್ವನಿಗೆ ಫೋನ್ ಮಾಡಿ, "ಆರಾಮಾತು ಅವ್ವಾ, ಪೂರಾ ಹೋತು," ಎಂದೆ. "ನಮ್ಮ ಮೌನೇಶಪ್ಪ ಕಣ್ಣು ತಗದ. ನಾ ಹರಕಿ ಹೊತ್ತಿದ್ನೆಪ್ಪಾ," ಎಂದಳು ಅವ್ವ. ಆ ಹೋಳಿಗೆಯ ರುಚಿ ನನಗೆ ಇವತ್ತಿಗೂ ನೆನಪಿದೆ. ನನ್ನ ಸ್ವಂತ ದವಡೆಯಲ್ಲಿ ನಾನು ಸಂತೋಷದಿಂದ ಅಗಿದು ತಿಂದ ಕೊನೆಯ ಊಟಗಳಲ್ಲಿ ಅದೊಂದು.

ಕೆಲವು ದಿನ ಹಾಗೇ ಹೋಯಿತು. ಒಮ್ಮೆ ಗಡ್ಡ ಹೆರೆದುಕೊಂಡು ಹೊರಬಂದಾಗ ಮಗಳು ಸ್ನೇಹಾ ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವಳ ಕನ್ನಡ ಅರ್ಧ ಹಿಂದಿ.

"ಪಪ್ಪಾ, ನಿಮ್ದು ಗಾಲ್ ಮೇಲೆ ಬ್ಲಡ್ ಬರ್ತಾ ಇದೆ. ಇತನಾ ಕಟ್ ಆಗಿದೆ, ನಿಮಗೆ ಗೊತ್ತೇ ಆಗ್ಲಿಲ್ಲ ಕ್ಯಾ?"

ಕನ್ನಡಿಯಲ್ಲಿ ನೋಡಿದೆ. ಬ್ಲೇಡು ಮೂಗಿನ ಪಕ್ಕದಿಂದ ತುಟಿಯವರೆಗೆ ಎಳೆದಿತ್ತು. ರಕ್ತ ಕುತ್ತಿಗೆಗೆ ಇಳಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಒಂದೊಂದೇ ಕಾಣತೊಡಗಿತು. ಎಡಗಣ್ಣಿನಿಂದ ಕಾರಣವಿಲ್ಲದೆ ನೀರು ಸುರಿಯುತ್ತಿತ್ತು. ಮೂಗು ಸೀಟಿದರೆ ಕರ್ಚೀಫಿನಲ್ಲಿ ಕೆಂಪು ಕಲೆ. ಎದುರು ಕುಳಿತು ಚಹಾ ಕುಡಿಯುತ್ತಿದ್ದ ಸುವರ್ಣಾ, "ಈ ಕಡೆ ಹೊಳ್ರಿ ನೋಡೂಣು. ಎಡಗಡೆ ಗಲ್ಲ ಸ್ವಲ್ಪ ಉಬ್ಬಿದಂಗ ಕಾಣ್ತದಲ್ಲ," ಎಂದಳು. ಕೊನೆಗೆ ಮೇಲಿನ ಇನ್ನೊಂದು ಹಲ್ಲು ಅಲುಗಾಡತೊಡಗಿತು. ಹಳೆಯ ಡಾಕ್ಟರ ಹತ್ತಿರ ಹೋಗಲು ಮನಸ್ಸಾಗದೆ ಬೇರೊಬ್ಬರ ಬಳಿ ಹೋದೆವು.

ಅವರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಕ್ಕಳ ಕೈಗೆತ್ತಿಕೊಳ್ಳಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳಿಸಿಕೊಂಡು, ಕಣ್ಣು ಮುಚ್ಚಲು ಹೇಳಿದರು. ಹತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದಾಗ ಹೇಳಿ ಎಂದರು. ಬಲಗಡೆ ಮುಟ್ಟಿದಾಗಲೆಲ್ಲ ಹೇಳಿದೆ. ಆಮೇಲೆ ಬಹಳ ಹೊತ್ತು ಅವರು ಸುಮ್ಮನಿದ್ದರು.

"ಮುಟ್ಟಿರಿ, ಮೇಡಂ," ಎಂದೆ ಹಿಂದಿಯಲ್ಲಿ.

ಕಣ್ಣು ಬಿಟ್ಟಾಗ ಹತ್ತಿ ನನ್ನ ಎಡಗೆನ್ನೆಯ ಮೇಲೆಯೇ ಇತ್ತು.

ನಾನು ನಗಲು ನೋಡಿದೆ. "ನೋವು ಹೋಗಿದೆ ಮೇಡಂ. ಅದು ಒಳ್ಳೇದೇ ಅಲ್ಲವಾ?"

"ಎಲ್ಲ ಸಲವೂ ಅಲ್ಲ," ಎಂದರು ಅವರು. ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟು, ಇವತ್ತೇ ಮಾಡಿಸಿ, ನಾಳೆ ಅನ್ನಬೇಡಿ ಎಂದು ಬಾಗಿಲವರೆಗೆ ಬಂದರು. ರೋಗಿಯನ್ನು ಬಾಗಿಲವರೆಗೆ ಕಳಿಸಲು ಡಾಕ್ಟರು ಎದ್ದು ಬಂದರೆ ಅದೂ ಒಂದು ಸುದ್ದಿಯೇ. ಮೆಟ್ಟಿಲಿಳಿಯುವಾಗ ಸುವರ್ಣಾ ನನ್ನ ತೋಳು ಹಿಡಿದುಕೊಂಡಳು.

ಸ್ಕ್ಯಾನಿನಲ್ಲಿ ಕೆನ್ನೆಯ ಮೂಳೆಯೊಳಗಿನ ಖಾಲಿ ಜಾಗ ತುಂಬಿಹೋಗಿತ್ತು. ಮೂಗಿನೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ರಿಪೋರ್ಟು ಬಂದ ಮೇಲೆ ನಮ್ಮನ್ನು ಊರಿನ ಆ ಕಡೆಯ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ರೋಗಿಗಳು ಕಾಯುವ ಕೋಣೆಯನ್ನು ನೋಡದವರಿಗೆ ಹೇಳುವುದು ಕಷ್ಟ. ದೇಶದ ಎಲ್ಲ ಮೂಲೆಯವರೂ ಕುರ್ಚಿ ಸಿಗದೆ ನೆಲದ ಮೇಲೆ ಚಾದರ ಹಾಸಿ ಕುಳಿತಿದ್ದರು. ಯಾರೂ ಜೋರಾಗಿ ಅಳುತ್ತಿರಲಿಲ್ಲ. ಮೂಗಿನಲ್ಲಿ ನಳಿಗೆ ಹಾಕಿಕೊಂಡ ಗಂಡನಿಗೆ ಹೆಂಡತಿ ಅದರಲ್ಲೇ ಬೇಳೆಯ ತಿಳಿ ಹೊಯ್ಯುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬರು ಪಾವ್ ಮುರಿದು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಮೊದಲ ದಿನ ನಾನು ಯಾರ ಮುಖವನ್ನೂ ನೋಡದೆ ನೆಲ ನೋಡುತ್ತ ಕುಳಿತೆ. ನಾನು ಇವರ ಪೈಕಿಯವನಲ್ಲ, ಏನೋ ತಪ್ಪಾಗಿ ಬಂದಿದ್ದೇನೆ ಎಂದುಕೊಳ್ಳುತ್ತಿದ್ದೆ.

ಒಳಗೆ ಕರೆದಾಗ ಸುವರ್ಣಾ, ಕಾಳಪ್ಪ ಇಬ್ಬರೂ ಜೊತೆಗಿದ್ದರು. ಕಾಳಪ್ಪ ಕೆಲಸದಿಂದ ನೇರವಾಗಿ ಬಂದಿದ್ದ. ದೊಡ್ಡ ಡಾಕ್ಟರು ಹಿಂದಿಯಲ್ಲಿ ಕೇಳಿದರು. "ಗುಟ್ಕಾ? ತಂಬಾಕು? ಬೀಡಿ?"

ಇಲ್ಲ ಎಂದೆ. ಸುಳ್ಳು ಕೇಳಿ ಕೇಳಿ ಅಭ್ಯಾಸವಾದವರಂತೆ ಮತ್ತೊಮ್ಮೆ ಕೇಳಿದರು. ಸುವರ್ಣಾ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದಳು, "ಇವರು ಅಡಿಕಿ ಸೈತ ಬಾಯಾಗ ಹಾಕಿದವರಲ್ರೀ, ದೇವರಾಣೆ." ಕಾಳಪ್ಪ ಅದನ್ನು ಹಿಂದಿಯಲ್ಲಿ ಹೇಳಿದ.

"ಕೆಲಸ ಏನು ಮಾಡುತ್ತೀರಿ?"

"ಕಾರ್ಪೆಂಟರ್."

ಅವರು ಪೆನ್ನು ಕೆಳಗಿಟ್ಟರು. ಎಷ್ಟು ಕಾಲದಿಂದ ಎಂದು ಕೇಳಿದರು. ಅಪ್ಪನ ಜೊತೆ ಉಳಿ ಹಿಡಿದಾಗಿನಿಂದ ಎಂದೆ. ಇದೇ ಕಾರಣ ಎಂದು ಖಂಡಿತ ಹೇಳಲಾಗುವುದಿಲ್ಲ, ಆದರೆ ವರ್ಷಗಟ್ಟಲೆ ಮರದ ಹುಡಿ ಉಸಿರಾಡಿದವರಲ್ಲಿ ಇದನ್ನು ಕಾಣುತ್ತೇವೆ ಎಂದರು. ಆಮೇಲೆ ಅವರ ದೃಷ್ಟಿ ಕಾಳಪ್ಪನ ಕಡೆ ಹೊರಳಿತು. ಅವನ ಹುಬ್ಬು, ತಲೆಗೂದಲು, ತೋಳಿನ ಮಡಿಕೆಗಳಲ್ಲೆಲ್ಲ ಪ್ಲೈವುಡ್ಡಿನ ಹುಡಿ ಇತ್ತು.

"ಇವರು?"

"ತಮ್ಮ. ಇವನದೂ ಇದೇ ಕೆಲಸ."

ಕಾಳಪ್ಪ ಮುಜುಗರದಿಂದ ತೋಳು ಝಾಡಿಸಿಕೊಂಡ. ಹುಡಿ ಡಾಕ್ಟರ ಮೇಜಿನ ಮೇಲೆ ಬಿತ್ತು. ಅದನ್ನು ಅಂಗೈಯಿಂದ ಒರೆಸಲು ಹೋಗಿ ಇನ್ನಷ್ಟು ಹರಡಿದ. ನನ್ನ ಕಾಯಿಲೆಯ ಹೆಸರು ಕೇಳಿದಾಗ ಆಗದ ಭಯ ನನಗೆ ಆ ಹೊತ್ತಿನಲ್ಲಿ ಆಯಿತು.

ಎಡಗಡೆಯ ಮೇಲ್ದವಡೆ, ಅಂಗುಳಿನ ಅರ್ಧ, ಕೆನ್ನೆಯ ಮೂಳೆ ತೆಗೆಯಬೇಕು ಎಂದರು. ಕಣ್ಣು ಉಳಿಯುತ್ತದೋ ಇಲ್ಲವೋ ಆಪರೇಷನ್ ಮಾಡುವಾಗ ಗೊತ್ತಾಗುತ್ತದೆ. ಆಮೇಲೆ ಕರೆಂಟು, ಎಂದರೆ ರೇಡಿಯೇಷನ್. ನೋವು ನಿಂತದ್ದು ಏಕೆ ಎಂದು ಸುವರ್ಣಾ ಕೇಳಿದಳು. ಗಡ್ಡೆ ಕೆನ್ನೆಯ ನರವನ್ನೇ ತಿಂದುಹಾಕಿತ್ತು ಎಂದರು ಡಾಕ್ಟರು. ಅದನ್ನು ಕೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಹೋಳಿಗೆಯ ದಿನ ಅವಳಿಗೆ ನೆನಪಾಗಿರಬೇಕು. ನನಗಂತೂ ಆಗಿತ್ತು.

ಹೊರಗೆ ಬಂದು ಪಡಸಾಲೆಯಲ್ಲಿ ನಿಂತಾಗ ಮೊದಲು ಮಾತಾಡಿದವನು ಕಾಳಪ್ಪ. "ಅವ್ವಗ ಹೇಳೂದು ಬ್ಯಾಡ."

"ಬ್ಯಾಡ," ಎಂದೆ. ಆರಾಮಾತು ಎಂದು ಹೇಳಿಯಾಗಿತ್ತು. ಆ ಮಾತನ್ನು ಹಿಂದಕ್ಕೆ ಪಡೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆಪರೇಷನ್ನಿಗೆ ಮೊದಲು ಅಲ್ಲಿ ಹಲವು ಸಲ ಕಾಯಬೇಕಾಯಿತು. ಒಂದು ದಿನ ಸುವರ್ಣಾಳ ಜೊತೆ ನಾನು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಬಂದರು. ಹುಸೇನಸಾಬ್ ಎಂದು ಹೆಸರು. ಕಲಬುರಗಿ ಕಡೆಯವರು, ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುತ್ತಿದ್ದರಂತೆ. ಎಡಗೆನ್ನೆ ಒಳಗೆ ಕುಸಿದಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು.

"ನಿಮಗೂ ಮ್ಯಾಲಿನ ದವಡೀನೇ ಏನ್ರಿ?"

ಹೌದೆಂದೆ. ಮಾತು ಹೋಗುತ್ತದೆಯೇ, ಅನ್ನ ತಿನ್ನಲಾಗುತ್ತದೆಯೇ ಎಂದು ಡಾಕ್ಟರ ಬಳಿ ಕೇಳಲಾಗದೆ ಉಳಿದಿದ್ದನ್ನೆಲ್ಲ ಅವರಲ್ಲಿ ಕೇಳಿದೆ. ಅವರು ಅತ್ತಿತ್ತ ನೋಡಿ, ಬಾಯಿಗೆ ಬೆರಳು ಹಾಕಿ, ಹಲ್ಲುಗಳಿದ್ದ ಒಂದು ಗುಲಾಬಿ ಬಣ್ಣದ ಮುಚ್ಚಳವನ್ನು ಹೊರತೆಗೆದರು. ಆಮೇಲೆ ಏನೋ ಹೇಳಿದರು. ಮಾತೆಲ್ಲ ಮೂಗಿನಿಂದ ಗಾಳಿಯಾಗಿ ಹೊರಬಂತು, ಒಂದಕ್ಷರವೂ ತಿಳಿಯಲಿಲ್ಲ. ಬಾಯಿ ತೆರೆದು ತೋರಿಸಿದರು. ಅಂಗುಳು ಇರಬೇಕಾದಲ್ಲಿ ಮೇಲಕ್ಕೆ ಹೋಗುವ ಕತ್ತಲು. ಸುವರ್ಣಾ ಮುಖ ತಿರುಗಿಸಿಕೊಂಡಳು. ಹುಸೇನಸಾಬ್ ಮುಚ್ಚಳವನ್ನು ಮತ್ತೆ ಒಳಗಿಟ್ಟುಕೊಂಡರು.

"ಇದು ಇಲ್ದಾಗ ಹೆಂಗ, ಇದ್ದಾಗ ಹೆಂಗ, ಎರಡೂ ನೋಡಿರಲಾ. ಅಂಜಿಕೀ ಇರ್ತದ, ಇಲ್ಲ ಅನ್ನಲ್ಲ. ಖರೇ ನಾ ಬಿರ್ಯಾನಿ ತಿಂತೀನಿ ನೋಡ್ರಿ. ಮೆತ್ತಗ ಮಾಡಿದ್ರ ಆಯ್ತು."

ಆ ಇಡೀ ಆಸ್ಪತ್ರೆಯಲ್ಲಿ ನನಗೆ ಧೈರ್ಯ ಬಂದದ್ದು ಅಲ್ಲಿ. ಭಯವೂ ಅಲ್ಲಿಯೇ ನಿಜವಾಗಿ ಶುರುವಾಯಿತು.

ಆಪರೇಷನ್ನಾದ ಮೇಲೆ ಎಚ್ಚರವಾದಾಗ ಎಡಗಡೆ ಬ್ಯಾಂಡೇಜಿನ ಉಂಡೆ. ಕಣ್ಣು ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ, ಕೇಳಲು ಬಾಯಿ ಇರಲಿಲ್ಲ. ಕಾಳಪ್ಪನ ಕೈ ಹಿಡಿದು ನನ್ನ ಕಣ್ಣಿನ ಮೇಲಿಟ್ಟುಕೊಂಡೆ. ಅವನಿಗೆ ಅರ್ಥವಾಯಿತು. "ಐತಿ ಅಣ್ಣಾ. ಕಣ್ಣು ಐತಿ," ಎಂದ.

ಕಣ್ಣು ಉಳಿಯಿತು. ಆದರೆ ಅದು ಸ್ವಲ್ಪ ಕೆಳಗಿಳಿದಿದೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಮೊಳೆಯ ತಲೆಗೆ ಸುತ್ತಿಗೆ ಹೊಡೆಯಲು ಆ ಕಣ್ಣಿಂದ ಆಗುವುದಿಲ್ಲ. ಹಾಗಾಗಿ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಬಾಯಿಂದ ಮೊದಲ ಸಲ ನೀರು ಕುಡಿದ ದಿನ ಅದು ಮೂಗಿನಿಂದ ಸುರಿದು ಅಂಗಿ ತೊಯ್ದಿತು. ಸ್ನೇಹಾ ಅಲ್ಲಿಯೇ ಇದ್ದಳು. ಹೊರಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಮನೆಗೆ ಬಂದ ಮೇಲೂ ಅವಳು ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಮೊಬೈಲು, ಗೋಡೆ, ಕಿಟಕಿ ಎಲ್ಲಾದರೂ ನೋಡುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ. ನಾನೂ ಕನ್ನಡಿಗೆ ಟವೆಲು ಹಾಕಿಸಿದ್ದೆ. ರೇಡಿಯೇಷನ್ ದಿನಗಳಲ್ಲಿ ಬಾಯೆಲ್ಲ ಹುಣ್ಣಾಗಿ, ನೀರೂ ಖಾರವಾದಾಗ ನಾನು ಸುವರ್ಣಾಳಿಗೆ ಚೀಟಿಯಲ್ಲಿ ಬರೆದೆ. ಸಾಕು, ಇನ್ನು ನಾನು ಹೋಗುವುದಿಲ್ಲ. ಅವಳು ಓದಿ ಒಲೆಯ ಕಡೆ ತಿರುಗಿದಳು. ಚೀಟಿಯನ್ನು ಸ್ನೇಹಾ ಎತ್ತಿಕೊಂಡಳು. ಅವಳಿಗೆ ಕನ್ನಡ ಓದಲು ಬಾರದು. "ಮಮ್ಮಿ, ಪಪ್ಪಾ ಏನ್ ಲಿಖಿದ್ದಾರೆ?" ಎಂದು ಕೇಳಿದಳು. ಸುವರ್ಣಾ ಹೇಳಿದಳು. ಅಂದು ಮಗಳು ಕಾಲೇಜಿಗೆ ಹೋಗಲಿಲ್ಲ. ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟು, ಮೊದಲ ಬಾರಿಗೆ ನನ್ನ ಮುಖವನ್ನೇ ನೇರವಾಗಿ ನೋಡಿದಳು. "ಚಲೋ ಪಪ್ಪಾ. ನಾನು ಬರ್ತೀನಿ." ರೈಲಿನಲ್ಲಿ ನನ್ನ ಎಡಗಡೆ ಕುಳಿತಳು, ಆ ಬದಿಯವರಿಗೆ ನನ್ನ ಕೆನ್ನೆಯ ಬದಲು ಅವಳ ಮುಖ ಕಾಣಲಿ ಎಂಬಂತೆ. ಉಳಿದ ಎಲ್ಲ ದಿನವೂ ಹೋದೆ.

ಈಗ ನನಗೂ ಹುಸೇನಸಾಬರಂಥದೇ ಮುಚ್ಚಳ ಇದೆ. ಮಾಡಿಕೊಟ್ಟವರು ಅದನ್ನು ಹಲವು ಸಲ ತೀಡಿ ಕೂರಿಸಿದರು. ಎಲ್ಲಿ ಒತ್ತುತ್ತದೆ, ಎಲ್ಲಿ ಸಂದು ಬಿಟ್ಟಿದೆ ಎಂದು ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಇಷ್ಟಾದರೂ ಮಾತು ಮೊದಲಿನಂತಿಲ್ಲ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ. ಪರೀಕ್ಷೆಗೆ ಹೋದಾಗಲೆಲ್ಲ, ಸದ್ಯಕ್ಕೆ ಏನಿಲ್ಲ ಎನ್ನುತ್ತಾರೆ. ಆ 'ಸದ್ಯಕ್ಕೆ' ಎಂಬ ಮಾತಿನೊಳಗೆ ನಾನು ಬದುಕುತ್ತಿದ್ದೇನೆ. ಹುಸೇನಸಾಬರ ಫೋನಿಗೆ ಈಚೆಗೆ ಅವರ ಅಳಿಯ ಉತ್ತರಿಸಿದ. ಆ ವಿಷಯ ಬರೆಯಲು ನನ್ನಿಂದಾಗದು.

ಕಾಳಪ್ಪ ಇನ್ನೂ ಅದೇ ಕೆಲಸ ಮಾಡುತ್ತಾನೆ. ಬಿಡು ಎಂದರೆ, "ಬಿಟ್ಟು ಏನ್ ಮಾಡ್ಲಿ ಅಣ್ಣಾ? ನನಗ ಬ್ಯಾರೆ ಏನ್ ಬರ್ತದ?" ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಮೂಗಿನೊಳಗೆ ಕೊಳವೆ ಹಾಕಿ ನೋಡಿಸಿಕೊಂಡು ಬರಲು ಒಪ್ಪಿಸುವಷ್ಟರಲ್ಲಿ ನಾನು ಸೋತುಹೋದೆ. ಕೊನೆಗೆ ಹೋಗಿಬಂದ, ಏನೂ ಸಿಗಲಿಲ್ಲ. ಈಗ ಮುಖಕ್ಕೆ ಮಾಸ್ಕು ಕಟ್ಟುತ್ತಾನೆ. ಸೆಕೆಯಲ್ಲಿ ಅದನ್ನು ಗದ್ದಕ್ಕೆ ಇಳಿಸಿಕೊಳ್ಳುತ್ತಾನೆ ಎಂದು ಜೊತೆಯವರು ಹೇಳುತ್ತಾರೆ.

ಯಾರಿಗೋ ಕೆನ್ನೆ ನೋಯುತ್ತಿರಬಹುದು. ಹೆಚ್ಚಿನವರಿಗೆ ಅದು ಬರೀ ಹಲ್ಲು, ಬರೀ ನೆಗಡಿ. ಹಾಗೇ ಆಗಲಿ. ಆದರೆ ನಿಮ್ಮ ನೋವನ್ನು ಮನೆಯವರೇ ನಂಬದ ದಿನ ಬಂದರೆ, ನೀವು ಸುಳ್ಳುಗಾರರಲ್ಲ ಎಂದು ಹೇಳಲು ದಹಿಸರ್‌ನಲ್ಲಿ ಒಬ್ಬ ಇದ್ದಾನೆ ಎಂದು ತಿಳಿಯಿರಿ. ಜೋಮು ಹಿಡಿದರೆ ಹೋಳಿಗೆ ಮಾಡಬೇಡಿ, ಡಾಕ್ಟರ ಹತ್ತಿರ ಓಡಿ.

ಇಷ್ಟು ಕಾಲ ಅವ್ವನ ಫೋನು ಬಂದರೆ ಸುವರ್ಣಾ ಎತ್ತುತ್ತಿದ್ದಳು. ಶೂಟಿಂಗಿಗೆ ಹೊರಗೆ ಹೋಗ್ಯಾರ, ಅಲ್ಲಿ ಫೋನ್ ಹತ್ತೂದಿಲ್ಲ ಎನ್ನುತ್ತಿದ್ದಳು. ಅವ್ವ ನಂಬಿದಳೋ, ನಂಬಿದ ಹಾಗೆ ಮಾಡಿದಳೋ ಗೊತ್ತಿಲ್ಲ. ಕಳೆದ ವಾರ ಸುವರ್ಣಾ ಕೆಳಗೆ ತರಕಾರಿಗೆ ಹೋಗಿದ್ದಳು. ಫೋನು ರಿಂಗಾಗುತ್ತಲೇ ಇತ್ತು, ನಿಂತು ಮತ್ತೆ ರಿಂಗಾಯಿತು. ನಾನು ಎತ್ತಿಕೊಂಡೆ.

"ಅವ್ವಾ," ಎಂದೆ.

"ಯಾರ್ರೀ ನೀವು? ನನ್ನ ಮಗಂದ ಫೋನ್ ಐತಿದು. ಅವನ ಕೈಯಾಗ ಕೊಡ್ರಿ."

"ಅವ್ವಾ, ನಾನಽ."

ನಾನು ಉಸಿರು ಹಿಡಿದು, ಒಂದೊಂದೇ ಅಕ್ಷರವನ್ನು ಸಾಧ್ಯವಾದಷ್ಟು ಬಿಡಿಸಿ, ನನ್ನ ಹೆಸರು ಹೇಳಿದೆ.

"ಬಾಯಾಗ ಏನ್ ಇಟ್ಕೊಂಡಿಯೋ?" ಎಂದಳು ಅವ್ವ. ಚಿಕ್ಕವನಿದ್ದಾಗ ಗದರುತ್ತಿದ್ದ ಅದೇ ದನಿ. "ನುಂಗಿ ಮಾತಾಡು."

"ಇದು ನುಂಗೂದಲ್ಲ ಅವ್ವಾ," ಎಂದೆ. "ಕುಂದರು. ಹೇಳ್ತೀನಿ."

ಅವಳು ಕುಳಿತುಕೊಳ್ಳುವುದು, ಮಂಚ ಕಿರುಗುಟ್ಟುವುದು ಕೇಳಿಸಿತು. ನಾನು ಹೇಳತೊಡಗಿದೆ.